ಕಾಕಾ ಕಲಿತ ಫ್ರೆಂಚ್

ನಮ್ಮ ಕಾಕಾನಿಗೆ ಫ್ರೆಂಚ್ ಬರುತ್ತಿತ್ತು ಅಂದರೆ ಅದು ಸುಳ್ಳು. ಬರುತ್ತಿರಲಿಲ್ಲ ಅಂದರೆ ಅದು ಇನ್ನೂ ದೊಡ್ಡ ಸುಳ್ಳು. ಈ ಎರಡು ಸುಳ್ಳುಗಳ ನಡುವೆ ಸಿಕ್ಕು ನನ್ನ ಬಿ.ಎ. ಓದಿನ ಎರಡು ವರ್ಷ ಹೇಗೆ ನಜ್ಜುಗುಜ್ಜಾದವು ಅನ್ನುವುದನ್ನು ನಗುತ್ತ ಹೇಳುವುದು ನನ್ನಿಂದ ಇವತ್ತಿಗೂ ಆಗದ ಮಾತು. ನೀವು ಬೇಕಾದರೆ ನಗಿರಿ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ರೋಣದ ಮಾಮಲೇದಾರ ಕಚೇರಿಯ ಎದುರು, ಬೇವಿನ ಮರದ ಕೆಳಗೆ, ಇಳಿಜಾರಿನ ಒಂದು ಪುಟ್ಟ ಡೆಸ್ಕು ಇಟ್ಟುಕೊಂಡು ಕೂಡುತ್ತಿದ್ದ. ಮಂದಿಯ ಖರೀದಿ ಪತ್ರ, ಆಸ್ತಿ ಪಾಲಿನ ಕಾಗದ, ತಕರಾರು ಅರ್ಜಿ ಬರೆದುಕೊಡುವುದು ಅವನ ಕಸುಬು. ಮದುವೆಯಾಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದ. ಅಪ್ಪನದು ಬಜಾರದಲ್ಲಿ ಅರಿವೆ ಅಂಗಡಿ. ಅಪ್ಪ ಮಾತಾಡುವುದು ಕಡಿಮೆ. ಆ ಕೊರತೆಯನ್ನು ಕಾಕಾ ಬಡ್ಡಿ ಸಮೇತ ತುಂಬಿಕೊಡುತ್ತಿದ್ದ.

ನಾನು ಫ್ರೆಂಚ್ ತೆಗೆದುಕೊಂಡದ್ದು ದೊಡ್ಡ ಆಸೆಯಿಂದೇನೂ ಅಲ್ಲ. ಧಾರವಾಡದ ಕಾಲೇಜಿಗೆ ಸೇರಿದ ದಿನ ಸಂಸ್ಕೃತದ ತರಗತಿಯಲ್ಲಿ ಹುಡುಗಿಯರ ಬೆಂಚು ತುಂಬಿತ್ತು, ಫ್ರೆಂಚ್ ತರಗತಿಯಲ್ಲಿ ಖಾಲಿ ಇತ್ತು. ಖಾಲಿ ಬೆಂಚು ನೋಡಿ ಕೂತೆ. ಕೂತ ಮೇಲೆ ಭಾಷೆ ಹಿಡಿಸಿತು. ಇಂಟರ್ ಮುಗಿಯುವ ಹೊತ್ತಿಗೆ ಬಿ.ಎ.ಗೂ ಅದನ್ನೇ ಓದಬೇಕು, ಪಕ್ಕದಲ್ಲಿ ಇಷ್ಟು ಜರ್ಮನ್ನನ್ನೂ ಇಟ್ಟುಕೊಳ್ಳಬೇಕು ಅಂತ ಮನಸ್ಸು ಮಾಡಿದ್ದೆ.

ಅಷ್ಟರಲ್ಲಿ ಅಪ್ಪನ ಅಂಗಡಿಗೆ ಬಂದ ಯಾರೋ ಪುಣ್ಯಾತ್ಮರು, ಫ್ರೆಂಚ್ ಪುಸ್ತಕಗಳಲ್ಲಿ ಮರ್ಯಾದಸ್ಥರು ಓದುವಂಥದ್ದು ಏನೂ ಇರುವುದಿಲ್ಲ ಅಂತ ಹೇಳಿ ಎರಡು ಪಂಚೆ ತಗೊಂಡು ಹೋದರು. ಅವತ್ತು ಊಟಕ್ಕೆ ಕೂತಾಗ ಅಪ್ಪ ತಾಟು ನೋಡುತ್ತ ಅಂದ:

"ಆ ಪುಸ್ತಕದಾಗ ಏನ್ ಬರದಾರ ಅಂತ ಈ ಮನ್ಯಾಗ ಯಾರಿಗೂ ಗೊತ್ತಾಗಂಗಿಲ್ಲ. ಗೊತ್ತಿಲ್ಲದ್ದನ್ನ ಓದೋದು ಬ್ಯಾಡ. ನರಗುಂದದವರು ಹೇಳಿ ಕಳಿಸ್ಯಾರ. ಮನಿತನ ಚಲೋ ಐತಿ."

ನರಗುಂದದವರು ಅಂದರೆ ಗುಡ್ಡದ ಬುಡದಲ್ಲಿ ದೊಡ್ಡ ಕಾಳಿನ ವ್ಯಾಪಾರ ಇದ್ದವರು. ಅವರ ಮಗನಿಗೆ ನನ್ನನ್ನು ಕೇಳಿದ್ದರು. ನನ್ನ ರೊಟ್ಟಿ ತಾಟಿನಲ್ಲೇ ಉಳಿಯಿತು. ಆಗ ಕಾಕಾ ಪಲ್ಯದ ಪಾತ್ರೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತ, ಮಳೆ ಬಂದೀತೇನೋ ಅನ್ನುವಷ್ಟು ಸಹಜವಾಗಿ ಅಂದ:

"ಅಣ್ಣಾ, ನಾನೂ ಫ್ರೆಂಚ್ ಕಲೀತೀನಿ. ಆಕಿ ಏನ್ ಓದತಾಳ, ಮೊದಲು ನಾ ಓದಿ ನಿನಗ ಹೇಳ್ತೀನಿ. ಹೆಂಗೂ ಕಲಿಯೋದು ಅಂದಮ್ಯಾಲೆ ಪರೀಕ್ಷಾನೂ ಕೊಟ್ಟುಬಿಡ್ತೀನಿ."

ಅಪ್ಪ ಒಪ್ಪಿದ. ನಾನು ಉಳಿದೆ. ಆದರೆ ಹೇಗೆ ಉಳಿದೆ? ನನ್ನ ಹಿಂದೆ ಒಬ್ಬ ಪತ್ತೇದಾರನನ್ನು ಹಚ್ಚಿಸಿಕೊಂಡು.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು ಅದು. ಯಾವ ಕಾಗದ ಯಾವ ಟೇಬಲ್ಲಿಗೆ ಹೋಗಬೇಕು ಅನ್ನುವುದು ಯಾವ ಕಾರಕೂನನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆಗೆ ಕೂಡುತ್ತೇನೆ ಅಂತ ಕಾಕಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ. ಯಾವ ಕಾಲದಲ್ಲೋ ಇಂಟರ್ ಮುಗಿಸಿದ್ದ ನಲವತ್ತು ದಾಟಿದ ಮನುಷ್ಯ, ಫ್ರೆಂಚಿನ ಗಂಧವಿಲ್ಲದವ, ಅವನಿಗೆ ಅನುಮತಿ ಹೇಗೆ ಕೊಟ್ಟರು ಅಂತ ನನ್ನನ್ನು ಕೇಳಬೇಡಿ. ಯಾವ ಕಚೇರಿಗೆ ಯಾವ ಧಾಟಿಯಲ್ಲಿ ಬರೆದರೆ ಒಪ್ಪುತ್ತಾರೆ ಅನ್ನುವುದೇ ಅವನ ಹೊಟ್ಟೆಪಾಡು. ಹದಿನೈದು ದಿನದಲ್ಲಿ ಒಪ್ಪಿಗೆ ಬಂತು. ನಾನೂ ನಮ್ಮ ಕಾಕಾನೂ ಸಹಪಾಠಿಗಳಾದೆವು.

ಆ ಬೇಸಿಗೆಯ ಸೂಟಿಯಲ್ಲಿ ನನ್ನ ಹಳೆಯ ಪುಸ್ತಕ ಹಿಡಿದು ಅವನ ಅಭ್ಯಾಸ ಶುರುವಾಯಿತು. ಮೊದಲ ಜಗಳ ಮೂರನೆಯ ದಿನ ಆಯಿತು. ಫ್ರೆಂಚಿನಲ್ಲಿ 'ಭಾಳ' ಅನ್ನುವುದಕ್ಕೆ 'ಬೋಕೂ' ಅನ್ನುತ್ತಾರೆ. ಅದನ್ನು ಬರೆಯುವುದು ಮಾತ್ರ ಎಂಟು ಅಕ್ಷರಗಳಲ್ಲಿ. ಕಾಕಾ ಆ ಎಂಟನ್ನೂ ಬಿಡದೆ ಓದಿ 'ಬೆಔಕೌಪ್' ಅಂದ.

"ಕಾಕಾ, ಅದು ಬೋಕೂ."

"ಹಂಗಾರ ಉಳಿದ ಅಕ್ಷರ ಯಾಕ ಬರದಾರ?"

"ಬರೀತಾರ, ಅನ್ನಂಗಿಲ್ಲ."

ಕಾಕಾ ಕನ್ನಡಕ ತೆಗೆದು ನನ್ನನ್ನು ನೋಡಿದ. "ತಂಗಿ, ಇಪ್ಪತ್ತು ವರ್ಷ ಕಾಗದಾ ಬರದೀನಿ. ಬರೆದ ಅಕ್ಷರ ಓದಬಾರದು ಅಂತ ಯಾವ ಕಾಗದದಾಗೂ ಇಲ್ಲ. ಹಂಗ ಮಾಡಿದ್ರ ಅದು ಪತ್ರ ಅಲ್ಲ, ಫಸವಣಿಕಿ, ಮೋಸ. ನಾ ಎಲ್ಲಾ ಓದತೀನಿ."

ಎಲ್ಲ ಓದಿದ. 'ಮಸ್ಯೋ' ಅನ್ನುವುದು ಅವನ ಬಾಯಲ್ಲಿ 'ಮೊನ್ಸಿಯುರ್' ಆಯಿತು. ಹಕ್ಕಿಗೆ ಅವರು 'ವಾಝೋ' ಅನ್ನುತ್ತಾರೆ ಅಂತ ಹೇಳಿದ ದಿನ ಅವನು ಆ ಆರು ಅಕ್ಷರಗಳನ್ನು ಹಾಳೆಯ ಮೇಲೆ ಒಂದೊಂದಾಗಿ ಬರೆದು, ಒಂದೊಂದರ ಕೆಳಗೂ ಗೀಟು ಎಳೆದು, "ಆರು ಮಂದ್ಯಾಗ ಒಬ್ಬನೂ ತನ್ನ ಹೆಸರಿಗೆ ತಕ್ಕಂಗ ನಡಕೊಂಡಿಲ್ಲ" ಅಂತ ತೀರ್ಪು ಕೊಟ್ಟ. ಕಲಿಸುವ ಗುರುವಿಲ್ಲ, ತಿದ್ದಿದರೆ ಕೇಳುವ ಕಿವಿಯಿಲ್ಲ. ಬೆಳಿಗ್ಗೆ ನೀರು ಸೇದುವಾಗ, ಮಧ್ಯಾಹ್ನ ಅಡಿಕೆ ಕತ್ತರಿಸುವಾಗ, ಅವನ ಬಾಯಿಂದ ಜಗತ್ತಿನ ಯಾವ ದೇಶದಲ್ಲೂ ಇಲ್ಲದ ಒಂದು ಭಾಷೆ ಹರಿಯುತ್ತಿತ್ತು. ಗಟ್ಟಿಯಾಗಿ, ನಿಲ್ಲದೆ.

ಉಚ್ಚಾರದ ಕಾಟ ಸಾಲದು ಅನ್ನುವಂತೆ ಲಿಂಗದ ಕಾಟ ಬಂತು. ಫ್ರೆಂಚಿನಲ್ಲಿ ಜೀವವಿಲ್ಲದ ವಸ್ತುಗಳಿಗೂ ಗಂಡು ಹೆಣ್ಣು ಅಂತ ಇದೆ. ಬಾಗಿಲು ಹೆಣ್ಣು, ಗೋಡೆ ಗಂಡು. ಬಾವಿ ಗಂಡು, ಕೊಡ ಹೆಣ್ಣು. ಇದನ್ನು ನೆನಪಿಡುವುದು ಹೇಗೆ? ನಾವೆಲ್ಲ ಬಾಯಿಪಾಠ ಮಾಡಿದೆವು. ಕಾಕಾ ಒಂದು ಮುಂಜಾನೆ ದೇವರ ಮನೆಗೆ ಹೋಗಿ ಕುಂಕುಮದ ಬಟ್ಟಲು, ವಿಭೂತಿಯ ಉಂಡೆ ಎರಡನ್ನೂ ತಂದ. ಹೆಣ್ಣು ವಸ್ತುವಿಗೆಲ್ಲ ಕುಂಕುಮ ಹಚ್ಚಿದ, ಗಂಡು ವಸ್ತುವಿಗೆಲ್ಲ ವಿಭೂತಿ ಬಳಿದ. ಖುರ್ಚಿಗೆ, ಏಣಿಗೆ, ಕೀಲಿಕೈಗೆ ಕುಂಕುಮ. ಕಸಬರಿಗೆಗೆ, ಚಾಕುವಿಗೆ, ಅಪ್ಪನ ಛತ್ರಿಗೆ ವಿಭೂತಿ.

ಅವ್ವ ಅಡುಗೆಮನೆಯಿಂದ ಹೊರಗೆ ಬಂದು ನೋಡುತ್ತಾಳೆ, ವಿಭೂತಿ ಧರಿಸಿದ ಕಸಬರಿಗೆ ಮೂಲೆಯಲ್ಲಿ ಸನ್ಯಾಸಿಯಂತೆ ನಿಂತಿದೆ. ಅದನ್ನು ಮುಟ್ಟಲು ಅವಳಿಗೆ ಧೈರ್ಯವಾಗಲಿಲ್ಲ. ಅವತ್ತು ಮನೆ ಕಸ ಗುಡಿಸಲಿಲ್ಲ. ಹಿಟ್ಟು ಕೇಳಲು ಬಂದ ಪಕ್ಕದ ಮನೆಯ ಮುದುಕಿ, ಪಡಸಾಲೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದ ಖುರ್ಚಿಯನ್ನು ಕಂಡು ಸೆರಗು ಹೊದ್ದುಕೊಂಡು ಕೈಮುಗಿದಳು. "ಇವತ್ತ ಯಾವ ಹಬ್ಬ ಐತ್ರೆವಾ, ನಮಗ ಗೊತ್ತಾ ಆಗಲಿಲ್ಲ" ಅಂದಳು. ಸಂಜೆ ಅಂಗಡಿಯಿಂದ ಬಂದ ಅಪ್ಪ ಬಿಳಿ ಧೋತರದಲ್ಲಿ ಅದೇ ಖುರ್ಚಿಯ ಮೇಲೆ ಕೂತ. ಎದ್ದಾಗ ಏನಾಗಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಬೈಯುತ್ತಿದ್ದರೆ ಕಾಕಾ ತನ್ನ ಪಾಡಿಗೆ ತಾನು ಗಂಭೀರವಾಗಿ, "ನೋಡ್ದೇನು, ಇನ್ನ ನೀನೂ ಮರಿಯಂಗಿಲ್ಲ. ಖುರ್ಚಿ ಹೆಣ್ಣು" ಅಂದ.

ಇಷ್ಟೇ ಆಗಿದ್ದರೆ ಮನೆಯ ಹುಚ್ಚು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಎರಡು ತಿಂಗಳು ಹಗಲೆಲ್ಲ ಆ ಭಾಷೆ ಕೇಳಿದ ನನ್ನ ಕಿವಿಗೆ ಏನಾಗಿರಬೇಡ? ಜೂನಿನಲ್ಲಿ ಕಾಲೇಜು ಶುರುವಾಯಿತು. ಮೊದಲ ದಿನ ಪ್ರೊಫೆಸರರು ನನ್ನನ್ನು ಎಬ್ಬಿಸಿ ಒಂದು ಪುಟ ಓದಿಸಿದರು. ಎರಡನೆಯ ಸಾಲಿನಲ್ಲೇ ನನ್ನ ಬಾಯಿಂದ ಸ್ಪಷ್ಟವಾಗಿ, ಎಂಟು ಅಕ್ಷರವೂ ಕೇಳುವಂತೆ, 'ಬೆಔಕೌಪ್' ಬಂತು.

ತರಗತಿ ನಕ್ಕಿತು. ಒಂದು ಸಲ ನಕ್ಕು ಬಿಟ್ಟಿದ್ದರೆ ಸಹಿಸಬಹುದಿತ್ತು. ನಾನು ಕಾರಿಡಾರಿನಲ್ಲಿ ಹೋದಾಗಲೆಲ್ಲ ಹಿಂದಿನಿಂದ ಯಾರಾದರೂ ಅದನ್ನೇ ಕೂಗುವುದು ವಾಡಿಕೆಯಾಯಿತು. ಅವತ್ತಿನಿಂದ ನನಗೊಂದು ರೋಗ ಅಂಟಿತು. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಇದ್ದಾಗ ಗಡಗಡನೆ ಬರುವ ಫ್ರೆಂಚ್, ನಾಲ್ಕು ಜನರ ಎದುರು ನಿಂತ ತಕ್ಷಣ ಗಂಟಲಲ್ಲೇ ಕೂತುಬಿಡುತ್ತಿತ್ತು. ದನಿಯೇ ಬರುತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಬಂದವಳೇ ಕಾಕಾನ ಮೇಲೆ ಹರಿಹಾಯ್ದೆ. "ನಿನ್ನಿಂದ ನನ್ನ ನಾಲಿಗಿ ಕೆಟ್ಟತು. ಕಾಲೇಜಿನಾಗ ಎಲ್ಲಾರೂ ನಗತಾರ. ಬಾಯಿ ತೆರಿಯಾಕ ಹೆದರಿಕಿ ಬರತೈತಿ ನನಗ" ಅಂತ ಅತ್ತೆ. ಕಾಕಾ ಕೈಯಲ್ಲಿದ್ದ ಪುಸ್ತಕ ಮುಚ್ಚಿದ. ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋದ. ಮುಂದೆ ನಾನು ಮನೆಯಲ್ಲಿರುವಾಗ ಅವನು ಗಟ್ಟಿಯಾಗಿ ಓದುವುದನ್ನು ಬಿಟ್ಟ. ಹಿತ್ತಲಲ್ಲಿ ಎಮ್ಮೆಯ ಹತ್ತಿರ ನಿಂತು ಓದುತ್ತಿದ್ದ. ಎಮ್ಮೆ ಯಾವ ತಕರಾರೂ ಮಾಡಲಿಲ್ಲ.

ಪುಸ್ತಕಗಳ ವಿಷಯದಲ್ಲಿ ಮಾತ್ರ ಅವನು ಜಗ್ಗಲಿಲ್ಲ. ಅವು ಮುಂಬೈಯಿಂದ ಅಂಚೆಯಲ್ಲಿ ರೋಣಕ್ಕೆ ಬರುತ್ತಿದ್ದವು. ಕಟ್ಟು ಬಿಚ್ಚುವವನು ಕಾಕಾ, ಮೊದಲು ಓದುವವನು ಕಾಕಾ, ಅಪ್ಪನಿಗೆ ವರದಿ ಒಪ್ಪಿಸುವವನು ಕಾಕಾ. ಆಮೇಲೆ ನನ್ನ ಕೈಗೆ. ಪಾಠಕ್ಕೆ ಇಟ್ಟ ಒಂದು ಕಾದಂಬರಿ ಬೇಕು ಅಂತ ನಾನು ಗೋಗರೆದರೂ "ಇನ್ನ ನಲವತ್ತ ಪುಟ ಅದಾವ" ಅಂತ ಡೆಸ್ಕಿನಲ್ಲಿಟ್ಟು ಬೀಗ ಹಾಕಿಕೊಂಡು ಹೋದ. ಧಾರವಾಡಕ್ಕೆ ಹೊರಡುವ ದಿನ, ಬಸ್ಸು ಬಿಡುವ ಹೊತ್ತಿಗೆ, ಕಿಟಕಿಯಿಂದ ಒಳಗೆ ಕೊಟ್ಟ.

ಗದಗಿನಿಂದ ರೈಲಿನಲ್ಲಿ ಅದನ್ನು ಓದಿದೆ. ಗಂಡನ ಮನೆಯಲ್ಲಿ ಉಸಿರುಕಟ್ಟಿದ ಒಬ್ಬ ಹೆಂಗಸು ಒಂದು ದಿನ ಎಲ್ಲ ಬಿಟ್ಟು ಒಬ್ಬ ಸಿಪಾಯಿಯ ಜೊತೆ ಹೊರಟುಹೋಗುವ ಕಥೆ. ಕಾಕಾ ಇದನ್ನು ಅಪ್ಪನಿಗೆ ಹೇಳಿದ್ದರೆ ನನ್ನ ಗತಿ ಏನು?

ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಪ್ರಸನ್ನನಾಗಿದ್ದ. "ಆ ನಿಮ್ಮ ಫ್ರೆಂಚ್ ಪುಸ್ತಕ ಭಾಳ ಚಲೋ ಐತಂತಲ್ಲ. ಒಬ್ಬಾಕಿ ಹೆಣಮಗಳು ಸಂಸಾರ ಬಿಟ್ಟು ತೀರ್ಥಯಾತ್ರಾಕ್ಕ ಹೋಗ್ತಾಳಂತ. ಆ ಮಂದಿಗೂ ದೇವರ ಮ್ಯಾಲೆ ಭಕ್ತಿ ಐತಿ ಅಂತ ನನಗ ಗೊತ್ತಿರಲಿಲ್ಲ."

ನಾನು ಬಿಟ್ಟ ಬಾಯಿ ಬಿಟ್ಟಂತೆ ನಿಂತೆ. ತೀರ್ಥಯಾತ್ರೆಯೇ? ಮತ್ತೊಂದು ನಾಟಕದಲ್ಲಿ ಮಗಳು ಅಪ್ಪನ ಮಾತು ಮೀರಿ ತನಗೆ ಬೇಕಾದವನನ್ನು ಕಟ್ಟಿಕೊಳ್ಳುತ್ತಾಳೆ. ಅದು ಕಾಕಾನ ವರದಿಯಲ್ಲಿ ಹೊಲದ ಬದುವಿನ ವ್ಯಾಜ್ಯವಾಗಿತ್ತು. ನನಗೆ ಅರ್ಥವಾದದ್ದು ಒಂದೇ: ಈ ಮನುಷ್ಯನಿಗೆ ಫ್ರೆಂಚಿನ ಒಂದು ಸಾಲೂ ತಿಳಿಯುತ್ತಿಲ್ಲ. ನಿಘಂಟು ಹಿಡಿದು ಕಂಡಂತೆ ಊಹಿಸುತ್ತಿದ್ದಾನೆ. ನನ್ನ ಪುಸ್ತಕವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವುದು ಈ ಊಹೆಗಾಗಿ. ಸಿಟ್ಟಿಗೆ ಮೈಯೆಲ್ಲ ಉರಿಯಿತು. ಆದರೆ ಅವನ ದಡ್ಡತನದಿಂದಲೇ ನಾನು ಪಾರಾಗುತ್ತಿದ್ದೇನಲ್ಲ, ಬಾಯಿ ಮುಚ್ಚಿಕೊಂಡೆ.

ಎರಡನೆಯ ವರ್ಷ ಶುರುವಾಗುವ ಮುಂಚಿನ ಬೇಸಿಗೆಯಲ್ಲಿ ನರಗುಂದದವರು ಮತ್ತೆ ಹೇಳಿ ಕಳಿಸಿದರು. ಹುಡುಗಿಯನ್ನು ಒಂದು ಸಲ ಕರೆದುಕೊಂಡು ಬರ್ರಿ, ಮನೆಯ ಹಿರಿಯರು ನೋಡಲಿ ಅಂದರು. ಅಪ್ಪ, ಕಾಕಾ, ನಾನು ಹೋದೆವು. ದೊಡ್ಡ ಮನೆ, ಪಡಸಾಲೆಯ ತುಂಬ ಜೋಳದ ಚೀಲ, ಆ ಚೀಲಗಳ ಆಚೆ ಎಲ್ಲೋ ವರ. ಉಪ್ಪಿಟ್ಟು, ಚಹಾ ಆಯಿತು. ವರನ ತಂದೆ ಒಳ್ಳೆಯವರು, ಮಾತಿಗೆ ಮಾತು ಬೆಳೆಸಲು ಕೇಳಿದರು:

"ಹುಡುಗಿ ಫ್ರೆಂಚ್ ಕಲೀತಾಳಂತ್ರಿ. ಅದು ಕೇಳಾಕ ಹ್ಯಾಂಗಿರತೈತಿ? ಒಂದೀಟು ಹೇಳಲಿ, ನಾವೂ ಕೇಳೂಣು."

ನನ್ನ ದನಿ ಎಂದಿನಂತೆ ಒಳಗೆ ಕೂತಿತು. ಕಾಕಾ ಎದ್ದು ನಿಂತ. ಟೊಪ್ಪಿಗೆ ಸರಿ ಮಾಡಿಕೊಂಡ. ಕಣ್ಣು ಮುಚ್ಚಿದ. "ಜೆ ಪಾರ್ಲೆ, ತು ಪಾರ್ಲೆಸ್, ನೌಸ್ ಪಾರ್ಲೊನ್ಸ್, ವೌಸ್ ಪಾರ್ಲೆಜ್" ಅಂತ ಶುರುಮಾಡಿ, 'ಮಾತಾಡು' ಅನ್ನುವ ಒಂದೇ ಕ್ರಿಯಾಪದವನ್ನು ವರ್ತಮಾನ, ಭೂತ, ಭವಿಷ್ಯತ್ತುಗಳಲ್ಲಿ, ಒಂದಕ್ಷರವನ್ನೂ ನುಂಗದೆ, ರಾಗವಾಗಿ ಹೇಳುತ್ತ ಹೋದ. ಅದು ಮುಗಿದ ಮೇಲೆ 'ತಿನ್ನು' ಹಿಡಿದ. ಆಮೇಲೆ 'ಮಲಗು'. ವರನ ಅಜ್ಜಿ ಮೊದಮೊದಲು ಕೈಮುಗಿದು ಕೇಳಿದಳು. ಹತ್ತು ನಿಮಿಷದ ಮೇಲೆ ಅವಳ ಮುಖ ಬದಲಾಯಿತು. ಒಳಗೆ ಹೋಗಿ ಬೇವಿನ ತಪ್ಪಲು ಹಿಡಿದುಕೊಂಡು ಬಂದು, ಕಾಕಾನ ಹಿಂದೆ ನಿಂತು ಗಾಳಿ ಬಿಡಿಸುವವರಂತೆ ಮೆಲ್ಲಗೆ ಇಳಿಸತೊಡಗಿದಳು. ಕಾಕಾ ನಿಲ್ಲಿಸಲಿಲ್ಲ.

ಬಸ್ಸಿಗೆ ಕಳಿಸಲು ಬಂದ ವರನ ತಂದೆ ಅಪ್ಪನ ಕಿವಿಯಲ್ಲಿ ಮೆಲ್ಲಗೆ, "ನಿಮ್ಮ ತಮ್ಮಗ ಹಿಂಗ ಎಷ್ಟ ದಿವಸದಿಂದ ಐತ್ರಿ?" ಅಂದರು. ಆಮೇಲೆ ಅವರ ಕಡೆಯಿಂದ ಸುದ್ದಿ ಬರಲಿಲ್ಲ. ಅಪ್ಪ ಒಂದು ವಾರ ತಮ್ಮನ ಜೊತೆ ಮಾತು ಬಿಟ್ಟ. ಸಂಬಂಧ ತಪ್ಪಿದ್ದಕ್ಕೆ ನನಗೆ ಒಳಗೊಳಗೇ ಸಂತೋಷ. ಆದರೆ ಹುಚ್ಚರ ಮನೆತನ ಅಂತ ಹೆಸರು ಹೊತ್ತು ತಪ್ಪಿಸಿಕೊಳ್ಳಬೇಕಾಗಿತ್ತೇ?

ಆ ವರ್ಷದ ದೀಪಾವಳಿ ಸೂಟಿಯಲ್ಲಿ ಮಾಮಲೇದಾರರ ಪಟ್ಟೇವಾಲಾ ನಮ್ಮ ಬಾಗಿಲಿಗೆ ಬಂದ. ಫ್ರಾನ್ಸ್ ದೇಶದ ಒಬ್ಬ ವಿದ್ವಾಂಸರು ಹಳೆಯ ಗುಡಿಗಳನ್ನು ಅಳೆದು ಬರೆದುಕೊಳ್ಳಲು ಬಂದು ಗಜೇಂದ್ರಗಡದಲ್ಲಿ ಇಳಿದಿದ್ದಾರೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಜೊತೆಗೆ ಬಂದಿದ್ದ ದುಭಾಷಿಗೆ ಜ್ವರ ಬಂದು ಅಲ್ಲಿನ ದವಾಖಾನೆಯಲ್ಲಿ ಮಲಗಿದ್ದಾನೆ. ನಾಳೆ ಸೂಡಿಯ ಗುಡಿ ನೋಡಬೇಕು. ಫ್ರೆಂಚ್ ಬಲ್ಲ ಕಾಕಾಸಾಹೇಬರು ಬರಬೇಕು.

ಕಾಕಾ ಕರಿ ಕೋಟು ಹಾಕಿಕೊಂಡ. "ತಂಗಿ, ನೀನೂ ಬಾ" ಅಂದ. ನಾನು ಬರುವುದಿಲ್ಲ ಅಂದೆ. ಅಪ್ಪ "ಹೋಗು, ಇಷ್ಟ ಕಲ್ತದ್ದು ಯಾಕ ಮತ್ತ?" ಅಂದ. ಹೋದೆ.

ಸೂಡಿಯಲ್ಲಿ ಬಸ್ಸು ಇಳಿದು ಜೋಡು ಕಳಸದ ಗುಡಿಯ ಹತ್ತಿರ ಹೋದರೆ, ಎತ್ತರದ, ಬಿಸಿಲಿಗೆ ಕೆಂಪಾದ ಒಬ್ಬ ಮನುಷ್ಯ ಟೇಪು ಹಿಡಿದು ಕಂಬ ಅಳೆಯುತ್ತಿದ್ದ. ಕಾಕಾ ಅವನೆದುರು ನಿಂತು, ಕೈಮುಗಿದು, ತಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಸ್ವಾಗತ ಭಾಷಣವನ್ನು 'ಮೊನ್ಸಿಯುರ್' ಅಂತ ಶುರುಮಾಡಿದ. ಪೂರಾ ಐದು ನಿಮಿಷ. ಆ ಮನುಷ್ಯ ತಲೆ ಬಾಗಿಸಿ ಬಹಳ ಗೌರವದಿಂದ ಕೇಳಿದ. ಮುಗಿದ ಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, ನಿಧಾನವಾಗಿ, ವಿಷಾದದಿಂದ ಏನೋ ಅಂದ.

"ಏನಂದ?" ಅಂತ ಕಾಕಾ ನನ್ನನ್ನು ಕೇಳಿದ.

"ತನಗ ಕನ್ನಡ ಬರಂಗಿಲ್ಲ, ಕ್ಷಮಿಸಬೇಕು ಅಂದ."

ಕಾಕಾನ ಮುಖ ನೋಡಲಾಗಲಿಲ್ಲ. ಇನ್ನು ನಾನೇ ಮಾತಾಡಬೇಕು ಅಂತ ಮುಂದೆ ಬಂದೆ. ಬಾಯಿ ತೆರೆದೆ. ಊರಿನವರು ನಿಂತು ನೋಡುತ್ತಿದ್ದರು. ಗಂಟಲಿನಿಂದ ಒಂದು ಚೂರು ಗಾಳಿ ಬಂತೇ ಹೊರತು ಶಬ್ದ ಬರಲಿಲ್ಲ. ಕಣ್ಣಲ್ಲಿ ನೀರು ಬಂತು.

ಕಾಕಾ ನನ್ನನ್ನು ಒಂದು ಕ್ಷಣ ನೋಡಿದ. ಆಮೇಲೆ ಗುಡಿಯ ಮೆಟ್ಟಿಲ ಮೇಲೆ ಕೂತು, ಕೋಟಿನ ಕಿಸೆಯಿಂದ ಕಾಗದದ ಕಟ್ಟು, ಪೆನ್ನು ತೆಗೆದು, ತೊಡೆಯ ಮೇಲಿಟ್ಟು ಬರೆಯತೊಡಗಿದ. ಬರೆದು ಕೊಟ್ಟ. ಆ ಮನುಷ್ಯ ಓದಿದ. ಇನ್ನೊಮ್ಮೆ ಓದಿದ. ಟೇಪು ಕೆಳಗಿಟ್ಟು ಕಾಕಾನ ಪಕ್ಕದಲ್ಲಿ ಕೂತುಬಿಟ್ಟ. ತಾನೂ ಪೆನ್ನು ತೆಗೆದ.

ಅವತ್ತು ಮಧ್ಯಾಹ್ನವಿಡೀ ಅವರಿಬ್ಬರೂ ಒಂದು ಮಾತೂ ಆಡಲಿಲ್ಲ. ಕಾಗದ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ. ನಡುನಡುವೆ ಇಬ್ಬರೂ ಒಟ್ಟಿಗೆ ನಗುವರು. ಈ ಕಲ್ಲಿಗೆ ಊರಿನವರು ಏನನ್ನುತ್ತಾರೆ, ಆ ಹೊಂಡದ ನೀರು ಎಲ್ಲಿಂದ ಬರುತ್ತದೆ ಅಂತ ಆತ ಬರೆಯುವನು, ಕಾಕಾ ಪೂಜಾರಿಯನ್ನು ಕೇಳಿ ಉತ್ತರ ಬರೆಯುವನು. ಪೂಜಾರಿ ನನ್ನ ಹತ್ತಿರ ಬಂದು ಪಿಸುದನಿಯಲ್ಲಿ ಕೇಳಿದ: "ಬಂದ ಕೂಡ್ಲೇ ಜಗಳಾಡಿದ್ರೇನ್ರೀ ಇವರು? ಮಾತ ಬಿಟ್ಟಾರಲ್ಲ?"

ನಾನು ಆ ಕಾಗದಗಳನ್ನು ಒಂದೊಂದಾಗಿ ಎತ್ತಿ ಓದಿದೆ. ತಪ್ಪಿಲ್ಲದ, ಅಚ್ಚುಕಟ್ಟಾದ, ತುಸು ಅರ್ಜಿಯ ಧಾಟಿಯ ಫ್ರೆಂಚ್. ನನ್ನ ಪ್ರೊಫೆಸರರು ಮೆಚ್ಚುವಂಥದ್ದು. ನಾನು ಬರೆಯಲಾರದಂಥದ್ದು.

ವಾಪಸು ಬಸ್ಸಿನಲ್ಲಿ ಕೂತ ಮೇಲೆ ಕೇಳಿಯೇಬಿಟ್ಟೆ. "ಕಾಕಾ, ನಿನಗ ಎಲ್ಲಾ ತಿಳೀತೈತಿ. ಮತ್ತ ಆ ಕಾದಂಬರಿ ತೀರ್ಥಯಾತ್ರಾದ್ದು ಅಂತ ಅಪ್ಪಗ ಯಾಕ ಹೇಳಿದಿ?"

"ಇದ್ದದ್ದು ಹೇಳಿದ್ರ ಮರುದಿನ ನಿನ್ನ ಟ್ರಂಕು ಧಾರವಾಡದಿಂದ ಮನಿಗೆ ಬರತಿತ್ತು."

"ಅಂದ್ರ ಸುಳ್ಳು ಹೇಳಿದಿ."

"ಸುಳ್ಳು ಅನಬ್ಯಾಡ. ತರ್ಜುಮೆ ಅನ್ನು."

"ನರಗುಂದದಾಗ ಮಾಡಿದ್ದು?"

ಕಾಕಾ ಕಿಟಕಿಯ ಹೊರಗೆ ಎರಿಹೊಲಗಳನ್ನು ನೋಡುತ್ತ, "ಈ ಸಲ ಬಿಳಿಜ್ವಾಳ ಚಲೋ ಎದ್ದಾವ" ಅಂದ.

ಇಷ್ಟು ತಿಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಯಾಕೆಂದರೆ ಮಾರ್ಚಿನಲ್ಲಿ ಮಾತಿನ ಪರೀಕ್ಷೆ ಇತ್ತು, ಅವನಿಗೆ ಉಚ್ಚಾರ ಕಲಿಸುವ ಕರ್ಮ ನನ್ನ ಪಾಲಿಗೆ ಬಂತು. ಒಂದೊಂದು ಪದವನ್ನೂ ಕನ್ನಡ ಲಿಪಿಯಲ್ಲಿ ಬರೆದು ಕಳಿಸಿದೆ. "ಕನ್ನಡದಾಗ ಬರದ್ರ ಫ್ರೆಂಚ್ ಎಷ್ಟ ನೀಟ ಐತಿ" ಅಂತ ಮೆಚ್ಚಿ ಉತ್ತರ ಬರೆದ. ಎದುರು ಕೂಡಿಸಿ ಓದಿಸಿದರೆ ಮತ್ತೆ ಎಲ್ಲ ಅಕ್ಷರಗಳೂ ಹಾಜರ್. ನಾನು ಕೈಚೆಲ್ಲಿದೆ.

ಬರಹದ ಪರೀಕ್ಷೆಗಳು ಮುಗಿದು ಮಾತಿನ ಪರೀಕ್ಷೆಯ ದಿನ ಬಂತು. ಕಾಕಾ ಕಚ್ಚೆ ಧೋತರ, ಕರಿ ಕೋಟು, ಟೊಪ್ಪಿಗೆಯಲ್ಲಿ ಕಾಲೇಜಿಗೆ ಬಂದ. ಬಾಗಿಲಲ್ಲಿದ್ದ ಕಾಲೇಜಿನ ಸಿಪಾಯಿ ಅವನನ್ನು ಹೊರಗಿನಿಂದ ಬಂದ ಪರೀಕ್ಷಕರೆಂದು ತಿಳಿದು, ಖುರ್ಚಿ ಒರೆಸಿ ಕೂಡಿಸಿ ಚಹಾ ತಂದುಕೊಟ್ಟ. ಕಾಕಾ ತಿದ್ದಲಿಲ್ಲ, ಚಹಾ ಕುಡಿದ. ಆಮೇಲೆ ಅವನ ಹೆಸರು ಕೂಗಿದರು. ಸಿಪಾಯಿಯ ಮುಖ ನೋಡುವಂತಿತ್ತು.

ಒಬ್ಬೊಬ್ಬರಿಗೆ ಕಾಲು ಗಂಟೆ. ಕಾಕಾ ಐದೇ ನಿಮಿಷಕ್ಕೆ ಹೊರಗೆ ಬಂದ. "ಏನೂ ಹೆದರಬ್ಯಾಡ. ಚಲೋ ಮಂದಿ ಅದಾರ" ಅಂದ. ಮುಂದಿನ ಹೆಸರು ನನ್ನದು.

ಒಳಗೆ ನಮ್ಮ ಪ್ರೊಫೆಸರರೂ ಇನ್ನೊಬ್ಬ ಹಿರಿಯರೂ ಕೂತಿದ್ದರು. ಇಬ್ಬರೂ ಒಂದು ಕಾಗದ ನೋಡುತ್ತಿದ್ದರು. ನನ್ನ ಗಂಟಲು ಆಗಲೇ ಮುಚ್ಚಿತ್ತು. ಪ್ರೊಫೆಸರರು ಏನೂ ಕೇಳದೆ ಆ ಕಾಗದವನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಕಾಕಾನ ಅಕ್ಷರ. ಫ್ರೆಂಚಿನಲ್ಲಿ ಹೀಗೆ ಬರೆದಿತ್ತು:

"ಮಾನ್ಯ ಪರೀಕ್ಷಕರಲ್ಲಿ ಅರಿಕೆ. ಮಾತಿನಲ್ಲಿ ನಾನು ನಾಲಾಯಕ್ಕು, ನನ್ನಿಂದ ತಮ್ಮ ವೇಳೆ ಹಾಳಾಗುವುದು ಬೇಡ. ನನಗಾಗಿ ಇಟ್ಟ ವೇಳೆಯನ್ನು ನನ್ನ ನಂತರ ಬರುವ ವಿದ್ಯಾರ್ಥಿನಿಗೆ ಸೇರಿಸಿ ಕೊಡಬೇಕು. ಆಕೆ ನನ್ನ ಅಣ್ಣನ ಮಗಳು. ಆಕೆಯ ಉಚ್ಚಾರ ಶುದ್ಧವಾಗಿದೆ. ನನ್ನ ತಪ್ಪಿನಿಂದ ಆಕೆ ಒಮ್ಮೆ ತರಗತಿಯಲ್ಲಿ ನಗೆಗೀಡಾದಳು, ಅಂದಿನಿಂದ ಮಂದಿಯೆದುರು ದನಿ ಬರುತ್ತಿಲ್ಲ. ಸ್ವಲ್ಪ ಕಾದರೆ ಬರುತ್ತದೆ. ಕಾಯಬೇಕೆಂದು ಬೇಡುವ, ತಮ್ಮ ವಿಧೇಯ."

ನಾನು ತಲೆ ಎತ್ತಿದೆ. ಪ್ರೊಫೆಸರರು ಕೈಕಟ್ಟಿ ಕೂತು, "ನಮಗೆ ಅವಸರವಿಲ್ಲ" ಅಂತ ಫ್ರೆಂಚಿನಲ್ಲಿ ಅಂದರು.

ಅವರು ಕಾದರು. ದನಿ ಬಂತು. ಬಂದ ಮೇಲೆ ನಿಲ್ಲಲಿಲ್ಲ.

ಹೊರಗೆ ಕಾಕಾ ಮರದ ನೆರಳಲ್ಲಿ ಪೇರಲ ಹಣ್ಣು ಹೆಚ್ಚಿ ಉಪ್ಪು ಹಚ್ಚಿ ಇಟ್ಟುಕೊಂಡು ಕೂತಿದ್ದ. "ನಿನಗೇನ್ ಕೇಳಿದ್ರು?" ಅಂದೆ. "ಮಳಿ ಬೆಳಿ ಬಗ್ಗೆ ಕೇಳಿದ್ರು. ಹೇಳಿದೆ" ಅಂದ. ನಾನು ಪಕ್ಕದಲ್ಲಿ ಕೂತು ಹಣ್ಣು ತಿಂದೆ.

ಫಲಿತಾಂಶ ಬಂದಾಗ ನಾನು ಪಾಸಾಗಿದ್ದೆ. ಕಾಕಾ ಬರಹದಲ್ಲಿ ನನಗಿಂತ ಮುಂದೆ, ಮಾತಿನಲ್ಲಿ ಸೊನ್ನೆ, ಒಟ್ಟಿನಲ್ಲಿ ನಪಾಸು. ಅಪ್ಪನಿಗೆ ನಗಲು ಒಂದು ವಿಷಯ ಸಿಕ್ಕಿತು. ಅಂಗಡಿಗೆ ಬಂದವರಿಗೆಲ್ಲ, "ಹಗಲೆಲ್ಲಾ ಒದರಾಂವ, ಬಾಯಿ ಬಿಡೋ ಪರೀಕ್ಷಾದಾಗ ಬಾಯಿ ಬಿಡಲಿಲ್ಲ ನೋಡ್ರಿ" ಅಂತ ಹೇಳುವುದು. ಕಾಕಾನೂ ಜೊತೆಗೆ ನಗುತ್ತಿದ್ದ. ಹೀಗೇ ಒಂದು ವಾರ ನಡೆಯಿತು. ಒಂದು ಮಧ್ಯಾಹ್ನ, ಕಾಕಾ ಇನ್ನೂ ಬರುವ ಮೊದಲೇ, ಅಪ್ಪ ಊಟಕ್ಕೆ ಕೂತವನು ಅದನ್ನೇ ಮತ್ತೆ ತೆಗೆದಾಗ ನನಗೆ ತಡೆಯಲಾಗಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ನಾನು ಓದಿದ್ದನ್ನು ಅಕ್ಷರ ಬಿಡದೆ ಹೇಳಿದೆ. ಈ ಸಲ ತರ್ಜುಮೆ ಸರಿಯಾಗಿತ್ತು.

ಅಪ್ಪ ತನ್ನ ಮುಂದಿದ್ದ ತಾಟನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದ. ಆಮೇಲೆ ಎದ್ದು ಒಳಗೆ ಹೋದ. ತಮ್ಮನ ತಾಟು, ತಂಬಿಗೆ ತಂದು, ತನ್ನ ತಾಟಿನ ಪಕ್ಕದಲ್ಲಿ ಇಟ್ಟು, ತನ್ನ ಕೈಯಾರೆ ರೊಟ್ಟಿ, ಪಲ್ಯ ಬಡಿಸಿದ. ನಾನು ಹುಟ್ಟಿದಾಗಿನಿಂದ ಅವನು ಯಾರಿಗೂ ಬಡಿಸಿದ್ದನ್ನು ನೋಡಿರಲಿಲ್ಲ. ಬಾಗಿಲಲ್ಲಿ ನಿಂತು, ಕಚೇರಿಯಿಂದ ಬರುತ್ತಿದ್ದ ತಮ್ಮನಿಗೆ, "ಲಗೂ ಬಾ, ರೊಟ್ಟಿ ಆರತಾವ" ಅಂದ.

ಕಾಕಾ ಕೈತೊಳೆದು ಬಂದು ಕೂತ. ತಾಟನ್ನು ನೋಡಿದ, ಅಣ್ಣನನ್ನು ನೋಡಿದ, ನನ್ನನ್ನು ನೋಡಿದ. ಅವತ್ತು ಉಂಡು ಏಳುವ ತನಕ ಅವನು ಒಂದೇ ಒಂದು ಮಾತಾಡಲಿಲ್ಲ.